ಕಿರುಬೆರಳು ತೂರದ ಬಲೆ

ಶಿವರಾತ್ರಿ ಮುಗಿದ ವಾರ ತಮ್ಮ ಫೋನಿನಲ್ಲಿ ಹಿತ್ತಲ ದ್ರಾಕ್ಷಿ ಚಪ್ಪರ ತೋರಿಸುತ್ತಿದ್ದ. ಮುನಿರಾಬಾದ್ ಪಕ್ಕದ ನಮ್ಮ ಮನೆಯಲ್ಲಿ ಅವ್ವ ನೆಟ್ಟ ಬಳ್ಳಿ ಅದು. ಗೊಂಚಲು ತುಂಬಿ ಕಪ್ಪಗೆ ಬಣ್ಣ ತಿರುಗುತ್ತಿದ್ದವು. ಈ ಸಲ ಒಂದು ಹಣ್ಣನ್ನೂ ಹಕ್ಕಿಗೆ ಬಿಟ್ಟಿಲ್ಲ ಅಂತ ಅವನಿಗೆ ಹೆಮ್ಮೆ. ಚಪ್ಪರದ ತುಂಬ ಬಲೆ ಹೊದಿಸಿದ್ದ. ಡ್ಯಾಮಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಹತ್ತಿರ ತಂದ ಹಳೇ ಬಲೆ. ಫೋನು ಒಂದು ಮೂಲೆಗೆ ತಿರುಗಿತು. ಅಲ್ಲೊಂದು ಪಿಕಳಾರ ತಲೆಕೆಳಗಾಗಿ ನೇತಾಡುತ್ತಿತ್ತು. ರೆಕ್ಕೆಗೆಲ್ಲ ನೈಲಾನ್ ದಾರ ಸುತ್ತಿತ್ತು.

"ಏನೋ ಅದು?" ಅಂದೆ.

"ಅದಾ? ಬಿಡಕ್ಕ, ದಿನಾ ಒಂದೆರಡು ಸಿಗಬೀಳ್ತಾವ," ಅಂದ. ಮಾತು ಮುಂದೆ ಹೋಯಿತು. ಮಗಳ ಪರೀಕ್ಷೆ, ಕಾಲುವೆ ನೀರು, ಅವ್ವನ ಮೊಣಕಾಲು ನೋವು. ನಾನು ಹೂಂ ಹೂಂ ಅನ್ನುತ್ತಿದ್ದೆ, ಆದರೆ ಆ ಹಕ್ಕಿ ಕಣ್ಣಿನಿಂದ ಹೋಗಲಿಲ್ಲ.

ನನ್ನ ತಮ್ಮ ಕೆಟ್ಟವನಲ್ಲ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಗುಬ್ಬಿಗೆ ನೀರಿಡುವವನೇ ಅವನು. ಅವನ ಮೇಲಲ್ಲ ನನ್ನ ಸಿಟ್ಟು. ಯಾವುದೋ ಬಲೆ ತಂದು, ಹೇಗೋ ಹೊದಿಸಿ, ಅತ್ತ ತಿರುಗಿ ನೋಡದೆ ಹೋಗುವ ನಮ್ಮ ರೂಢಿಯ ಮೇಲೆ. ಇದು ಕೊಪ್ಪಳದಲ್ಲೂ ಇದೆ, ರಾಯಚೂರಲ್ಲೂ ಇದೆ. ಬಳ್ಳಾರಿಯ ಅಂಜೂರದ ತೋಟದಲ್ಲೂ ನಾನೇ ಕಣ್ಣಾರೆ ನೋಡಿದ್ದೇನೆ.

ನಾನಿರುವುದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ. ಇಲ್ಲಿ ಸ್ಟ್ರಾಬೆರಿ, ಬ್ಲೂಬೆರಿ, ರಾಸ್ಪ್‌ಬೆರಿ ಮನೆ ಮನೆಯ ಹಿತ್ತಲಲ್ಲೂ ಬೆಳೆಯುತ್ತಾರೆ. ಹಣ್ಣಿಗೆ ಬಣ್ಣ ಬಂತು ಅಂದರೆ ಬೆಳಗಾಗುವ ಮೊದಲೇ ಬ್ಲ್ಯಾಕ್‌ಬರ್ಡ್ ಅನ್ನುವ ಹಕ್ಕಿ ಹಾಜರು. ಸ್ಟ್ರಾಬೆರಿಯ ಕೆಂಪಾದ ಕಡೆ ಮಾತ್ರ ಕೊಕ್ಕಿನಿಂದ ಕುಕ್ಕಿ ಹೋಗುತ್ತದೆ. ಮುಂದಿನ ಹಣ್ಣಿಗೂ ಅದೇ ಗತಿ. ಆಮೇಲೆ ಗೊರವಂಕ, ಬಣ್ಣಬಣ್ಣದ ಗಿಳಿ, ರಾತ್ರಿಗೆ ಬಾವಲಿ. ಹಾಗಾಗಿ ಇಲ್ಲೂ ಬಲೆ ಬೇಕೇ ಬೇಕು.

ಪಕ್ಕದ ಮನೆಯಲ್ಲಿ ಗ್ರೀಸ್‌ನಿಂದ ಬಂದ ಅಜ್ಜಿ ಒಬ್ಬರಿದ್ದಾರೆ. ನನ್ನ ಬ್ಲೂಬೆರಿ ಗಿಡ ಮೊದಲ ಸಲ ಕಾಯಿ ಕಟ್ಟಿದಾಗ ಬಲೆ ಕೊಳ್ಳಲು ನನ್ನ ಜೊತೆ ಅವರೇ ಅಂಗಡಿಗೆ ಬಂದರು. ಬಲೆಯ ಸುರುಳಿ ಬಿಚ್ಚಿದರು. ಎರಡೂ ಕೈಯಿಂದ ಜಗ್ಗಿ ಹಿಡಿದು, ನಿನ್ನ ಕಿರುಬೆರಳು ತೂರಿಸು ಅಂದರು. ತೂರಲಿಲ್ಲ. ಸರಿ, ಇದು ಆಗುತ್ತೆ ಅಂದರು. ಬೆರಳು ತೂರಿದರೆ ಆ ಬಲೆ ಬೇಡ. ಬೆರಳು ತೂರುವಲ್ಲಿ ಹಕ್ಕಿಯ ಕಾಲು ತೂರುತ್ತೆ, ತಲೆ ತೂರುತ್ತೆ, ಬಾವಲಿಯ ರೆಕ್ಕೆಯ ಬೆರಳು ತೂರುತ್ತೆ. ಅಷ್ಟೇ ಲೆಕ್ಕ. ಇಷ್ಟು ಸಣ್ಣ ಪರೀಕ್ಷೆ ನಮ್ಮೂರಲ್ಲಿ ಯಾಕೆ ಯಾರಿಗೂ ಗೊತ್ತಿಲ್ಲ ಅಂತ ಅವತ್ತೇ ಅನಿಸಿತು.

ಇದು ಬರೀ ಅಜ್ಜಿಯ ಮಾತಲ್ಲ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಕಾನೂನು. ಪ್ರಾಣಿ ಹಿಂಸೆ ತಡೆಯುವ 2019ರ ನಿಯಮಗಳಲ್ಲಿ ಇದನ್ನು ಬರೆದಿದ್ದಾರೆ. 2021ರ ಸೆಪ್ಟೆಂಬರ್ 1ರಿಂದ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಪೂರ್ತಿ ಜಗ್ಗಿ ಹಿಡಿದಾಗಲೂ, 5 ಮಿಲಿಮೀಟರಿಗಿಂತ ದೊಡ್ಡದಿರುವ ಹಾಗಿಲ್ಲ. ತಪ್ಪಿದರೆ ದಂಡ. ಹಿತ್ತಲ ಗಿಡದ ಬಲೆಗೂ ಸರ್ಕಾರ ಅಳತೆ ಹೇಳುತ್ತದೆ ಅಂದಾಗ ನನಗೆ ನಿಜವಾಗಿ ಖುಷಿಯಾಯಿತು. ಒಂದು ಹಕ್ಕಿಯ ಕಾಲಿನ ದಪ್ಪವನ್ನು ಯಾರೋ ಕೂತು ಯೋಚಿಸಿದ್ದಾರೆ, ಅಲ್ವಾ?

ಮುಖ್ಯವಾಗಿ ಯೋಚಿಸಿದ್ದು ಬಾವಲಿಯ ಬಗ್ಗೆ. ಮೆಲ್ಬರ್ನ್‌ನ ಯಾರಾ ನದಿ ದಂಡೆಯ ಮರಗಳಲ್ಲಿ ಬೂದು ತಲೆಯ ದೊಡ್ಡ ಬಾವಲಿಗಳು ಸಾವಿರಗಟ್ಟಲೆ ಇವೆ. ಕತ್ತಲಾದ ಮೇಲೆ ಹಣ್ಣು, ಹೂವಿನ ಮಕರಂದ ಹುಡುಕಿ ಊರ ತುಂಬ ಹಾರುತ್ತವೆ. ಕಾಡಿನ ನೀಲಗಿರಿ ಮರಗಳಿಗೆ ಪರಾಗ ಮುಟ್ಟಿಸುವ ಕೆಲಸ ಇವುಗಳದೂ ಹೌದು. ಸಡಿಲವಾದ, ತೆಳುವಾದ ಬಲೆಗೆ ಸಿಕ್ಕರೆ ರೆಕ್ಕೆಯ ಚರ್ಮ ಹರಿಯುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ಬಿಗಿಯುತ್ತದೆ, ರಕ್ತ ಓಡಾಡುವುದಿಲ್ಲ. ಬಿಡಿಸಿ ಹಾರಲು ಬಿಟ್ಟರೂ ಕೆಲವು ದಿನ ಕಳೆದ ಮೇಲೆ ಸಾಯುವುದುಂಟು. ಹಾಗಾಗಿ ಗಿಡದಲ್ಲಿ ಸಿಕ್ಕ ಬಾವಲಿಯನ್ನು ಬರಿಗೈಲಿ ಮುಟ್ಟಬೇಡಿ, ನಮಗೆ ಫೋನ್ ಮಾಡಿ ಅಂತ ವನ್ಯಜೀವಿ ರಕ್ಷಕರು ಹೇಳುತ್ತಾರೆ. ಮುಟ್ಟಿದರೆ ರೋಗದ ಭಯವೂ ಇದೆ.

ಬಲೆ ಸಣ್ಣ ಕಣ್ಣಿನದಾದರೆ ಮುಗಿಯಲಿಲ್ಲ. ಹೊದಿಸುವ ರೀತಿಯೂ ಮುಖ್ಯ. ಅಜ್ಜಿ ಗಿಡದ ಮೇಲೆ ಬಲೆ ಎಸೆಯುವುದಿಲ್ಲ. ಮೊದಲು ಪೈಪನ್ನು ಕಮಾನಿನ ಹಾಗೆ ಬಗ್ಗಿಸಿ ನೆಲಕ್ಕೆ ಊರುತ್ತಾರೆ. ನಮ್ಮ ಕಡೆ ಡ್ರಿಪ್‌ಗೆ ಹಾಕುವ ಕರಿ ಪೈಪು ಇದೆಯಲ್ಲ, ಅಂಥದ್ದೇ. ಅದರ ಮೇಲೆ ಬಲೆ ಎಳೆದು ಬಿಗಿಯುತ್ತಾರೆ. ಬಲೆ ಹಣ್ಣಿಗೆ ತಾಗಬಾರದು. ತಾಗಿದರೆ ಹಕ್ಕಿ ಹೊರಗೆ ಕೂತೇ ಕುಕ್ಕುತ್ತದೆ. ಅಂಚನ್ನು ನೆಲಕ್ಕೆ ಇಟ್ಟಿಗೆ ಹೇರಿ ಮುಚ್ಚುತ್ತಾರೆ. ಇಲ್ಲದಿದ್ದರೆ ಬ್ಲ್ಯಾಕ್‌ಬರ್ಡ್ ಕೆಳಗಿನಿಂದ ನುಗ್ಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಬಲೆ ಬಿಳಿ ಬಣ್ಣದ್ದು, ಹೆಣೆದದ್ದು. ಕತ್ತಲಲ್ಲೂ ಕಾಣುತ್ತದೆ. ಹೂವಿದ್ದಾಗ ಬಲೆ ಹಾಕುವುದಿಲ್ಲ, ಜೇನುಹುಳ ಬರಬೇಕಲ್ಲ. ಕಾಯಿ ಕಟ್ಟಿದ ಮೇಲೆ ಹಾಕಿ, ಹಣ್ಣು ಮುಗಿದ ಕೂಡಲೇ ತೆಗೆದು ಮಡಚಿ ಇಡುತ್ತಾರೆ. ಬಲೆ ಇರುವಷ್ಟು ದಿನ ಬೆಳಿಗ್ಗೆ ಸಂಜೆ ಒಂದು ಸುತ್ತು ನೋಡಿ ಬರುತ್ತಾರೆ.

ಇದರಲ್ಲಿ ಯಾವುದಕ್ಕೂ ದೊಡ್ಡ ಓದು ಬೇಕಿಲ್ಲ. ಹೆಚ್ಚು ದುಡ್ಡೂ ಬೇಕಿಲ್ಲ.

ನಮ್ಮ ಕಡೆ ಬಳಸುವ ಮೀನಿನ ಬಲೆ ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಮಾಡಿದ್ದೇ ಜೀವಕ್ಕೆ ಕಾಣದಿರಲಿ, ಸಿಕ್ಕಿದ್ದು ಬಿಡಿಸಿಕೊಳ್ಳದಿರಲಿ ಅಂತ. ನೀರಿನಲ್ಲಿ ಮೀನಿಗೆ ಕಾಣದ ದಾರ ಗಾಳಿಯಲ್ಲಿ ಪಿಕಳಾರಕ್ಕೂ ಕಾಣುವುದಿಲ್ಲ. ಅದನ್ನು ಚಪ್ಪರದ ಮೇಲೆ ಸಡಿಲವಾಗಿ ಇಳಿಬಿಟ್ಟರೆ ಹಕ್ಕಿಯನ್ನು ತಡೆದ ಹಾಗಲ್ಲ, ಹಿಡಿದ ಹಾಗೆ. ಮಾರ್ಚ್ ತಿಂಗಳ ನಮ್ಮ ಬಿಸಿಲಿನಲ್ಲಿ ಸಿಕ್ಕಿಬಿದ್ದ ಹಕ್ಕಿ ಎಷ್ಟು ಹೊತ್ತು ಬದುಕೀತು?

ಅವ್ವನ ತವರು ಯಲಬುರ್ಗಾ ಕಡೆ. ಎರೆಹೊಲ, ಹಿಂಗಾರಿ ಜೋಳ. ಜೋಳ ಹಾಲುಗಾಳು ಆದಾಗ ಅಜ್ಜ ಹೊಲದ ನಡುವೆ ಅಟ್ಟ ಹಾಕಿಸುತ್ತಿದ್ದ. ಚಳಿಗಾಲಕ್ಕೆ ದೂರದ ದೇಶದಿಂದ ಬರುವ ಗುಲಾಬಿ ಕಬ್ಬಕ್ಕಿಗಳು ಹಿಂಡು ಹಿಂಡಾಗಿ ಇಳಿಯುತ್ತಿದ್ದವು. ಅಜ್ಜ ಅಟ್ಟದ ಮೇಲೆ ನಿಂತು ಹೋ ಹೋ ಅಂತ ಕೂಗುತ್ತಿದ್ದ. ಡಬ್ಬಿ ಬಡಿಯುತ್ತಿದ್ದ. ಕವಣೆಯಲ್ಲಿ ಮಣ್ಣಿನ ಹೆಂಟೆ ಬೀಸುತ್ತಿದ್ದ. ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತಿತ್ತು. ಅಲ್ಲಿಂದ ಆ ಹೊಲದವರು ಕೂಗುತ್ತಿದ್ದರು. ಮಧ್ಯಾಹ್ನ ಅಜ್ಜ ರೊಟ್ಟಿ ತಿನ್ನಲು ಕೂತಾಗ ಮಾತ್ರ ಹಕ್ಕಿಗೂ ಊಟ. ಬೆಳೆ ಕಾಯುವುದು ಅಂದರೆ ಅವತ್ತು ಅಲ್ಲೇ ಇರುವುದು. ಕಾಯುವ ಮನುಷ್ಯ ಇದ್ದ ಕಾರಣಕ್ಕೇ ಹಕ್ಕಿ ಸಾಯುತ್ತಿರಲಿಲ್ಲ.

ಹಿತ್ತಲ ಬಾರೆಗಿಡಕ್ಕೆ ಆ ಕಾವಲೂ ಇರಲಿಲ್ಲ. ಗಿಳಿ ಅರ್ಧ ಕಚ್ಚಿ ಬೀಳಿಸಿದ ಹಣ್ಣನ್ನು ನಾವು ಹುಡುಗರು ಆಯ್ದು ಲಂಗದಲ್ಲಿ ಒರೆಸಿ ತಿನ್ನುತ್ತಿದ್ದೆವು. ಗಿಳಿ ಕಚ್ಚಿದ್ದೇ ಜಾಸ್ತಿ ಸಿಹಿ ಅಂತ ಜಗಳ ಬೇರೆ.

ಎಳ್ಳಮಾಸಿಗೆ ಇವತ್ತೂ ನಮ್ಮ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಪೂಜೆಯಾದ ಮೇಲೆ ತಮ್ಮನೇ ಚರಗ ಚೆಲ್ಲುತ್ತಾನೆ. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಹೋಳಿಗೆ ಎಲ್ಲ ಕಲಸಿ ನಾಲ್ಕೂ ದಿಕ್ಕಿಗೆ. ಆ ಅನ್ನ ತಿನ್ನಲು ಬರುವುದು ಯಾರು? ಇದೇ ಗೊರವಂಕ, ಇದೇ ಪಿಕಳಾರ. ಎಳ್ಳಮಾಸಿಯಲ್ಲಿ ಕರೆದು ಉಣ್ಣಿಸಿದ ಹಕ್ಕಿಯನ್ನು ಶಿವರಾತ್ರಿ ಹೊತ್ತಿಗೆ ಬಲೆಯಲ್ಲಿ ಒಣಗಲು ಬಿಡುವುದು ಹೇಗೆ? ನನ್ನನ್ನು ಚುಚ್ಚಿದ್ದು ಇದೇ. ಇಲ್ಲಿನ ಅಜ್ಜಿಗೆ ಚರಗ ಗೊತ್ತಿಲ್ಲ. ಹಕ್ಕಿಗೆ ಪಾಲು ಕೊಡಬೇಕು ಅಂತ ಅವರು ಹೇಳುವುದೂ ಇಲ್ಲ. ಆದರೆ ಅವರ ಹಿತ್ತಲಲ್ಲಿ ಹಕ್ಕಿ ಸಾಯುವುದಿಲ್ಲ. ನಮ್ಮಲ್ಲಿ ಪಾಲು ಕೊಡುವ ಸಂಪ್ರದಾಯ ಇದೆ, ಹಕ್ಕಿ ಮಾತ್ರ ಸಾಯುತ್ತದೆ. ಹಾಗಿದ್ದ ಮೇಲೆ ಯಾರದು ಮೇಲು? ನನಗಂತೂ ಅಜ್ಜಿಯದೇ.

ಬೆದರುಗೊಂಬೆ, ಹಳೇ ಸಿಡಿ, ಮಿಣಮಿಣ ಟೇಪು, ಪ್ಲಾಸ್ಟಿಕ್ ಗೂಬೆ ಇವೆಲ್ಲ ಎರಡೂ ಊರಲ್ಲಿವೆ. ಎರಡೂ ಊರಲ್ಲಿ ಹಕ್ಕಿಗಳು ಕೆಲವೇ ದಿನಕ್ಕೆ ಹೆದರುವುದು ಬಿಡುತ್ತವೆ. ಅದರ ಬಗ್ಗೆ ಹೆಚ್ಚು ಹೇಳಲು ಏನಿಲ್ಲ.

ಹಿತ್ತಲ ಗಿಡಕ್ಕೆ ಬೇಕಾದದ್ದು ನಮ್ಮ ಸಂತೆಯಲ್ಲೇ ಇದೆ. ಸೊಳ್ಳೆ ಪರದೆ. ಅದರ ಕಣ್ಣಿನಲ್ಲಿ ಸೊಳ್ಳೆಯೇ ತೂರುವುದಿಲ್ಲ, ಹಕ್ಕಿಯ ಕಾಲು ಎಲ್ಲಿಂದ ತೂರಬೇಕು? ಗಂಗಾವತಿ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಳೆಯದು, ಹರಿದದ್ದಾದರೂ ತೇಪೆ ಹಾಕಿ ಬಳಸಬಹುದು. ನರ್ಸರಿಯಲ್ಲಿ ಕಟ್ಟುವ ಹಸಿರು ನೆರಳು ಬಲೆಯೂ ಆಗುತ್ತದೆ, ಆದರೆ ಅದು ಬಿಸಿಲನ್ನೂ ತಡೆಯುತ್ತದೆ, ಹಣ್ಣಿಗೆ ಬಣ್ಣ ತಡವಾಗುತ್ತದೆ. ಇಡೀ ಚಪ್ಪರ ಮುಚ್ಚುವುದು ಕಷ್ಟವಾದರೆ ಗೊಂಚಲಿಗೊಂದು ಚೀಲ ಹೊಲಿಯಬಹುದು. ಹಳೇ ವಾಯಿಲ್ ಸೀರೆಯ ಬಟ್ಟೆ ಸಾಕು. ಗೊಂಚಲನ್ನು ಒಳಗೆ ಇಳಿಸಿ ತೊಟ್ಟಿನ ಹತ್ತಿರ ಸಡಿಲವಾಗಿ ದಾರ ಕಟ್ಟಿದರೆ ಆಯಿತು. ಗಾಳಿಯಾಡುತ್ತದೆ. ಇಲ್ಲಿನವರೂ ಹೀಗೇ ಜಾಳು ಬಟ್ಟೆಯ ಸಣ್ಣ ಚೀಲ ಕಟ್ಟುತ್ತಾರೆ. ದಾಳಿಂಬೆ, ಪೇರಲಕ್ಕೂ ಇದು ನಡೆಯುತ್ತದೆ. ಕಟ್ಟದೆ ಉಳಿದ ಗೊಂಚಲು ಹಕ್ಕಿಗೆ.

ಮತ್ತೆ, ಹಕ್ಕಿ ಸಿಕ್ಕಿಬಿದ್ದರೆ ದಯವಿಟ್ಟು ಜಗ್ಗಬೇಡಿ. ತೆಳುವಾದ ಬಟ್ಟೆ ಹೊದಿಸಿ ಕಣ್ಣು ಮುಚ್ಚಿದರೆ ಒದ್ದಾಟ ಕಡಿಮೆಯಾಗುತ್ತದೆ. ಆಮೇಲೆ ಕತ್ತರಿಯಿಂದ ಬಲೆಯನ್ನೇ ಕತ್ತರಿಸಿ. ಬಲೆ ಹಾಳಾದರೆ ಹಾಳಾಗಲಿ.

ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಕೇಳಿಸಿಕೊಂಡ. ಆಮೇಲೆ, "ಅಕ್ಕಾ, ನಿನಗ ಬ್ಲೂಬೆರಿ ಹೋದರ ಅಂಗಡ್ಯಾಗ ಕೊಂಡು ತಿಂತಿ. ಎಕರೆಗಟ್ಟಲೆ ದಾಳಿಂಬಿ ಹಾಕಿದವರು ಏನು ಮಾಡಬೇಕು?" ಅಂದ.

ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಪ್ಪಲು ಮನಸ್ಸಿಲ್ಲದಿದ್ದರೂ ಒಪ್ಪಬೇಕು. ವಿಕ್ಟೋರಿಯಾದ ಆ 5 ಮಿಲಿಮೀಟರ್ ನಿಯಮ ಇರುವುದು ಮನೆಯ ಗಿಡಕ್ಕೆ ಮಾತ್ರ. ಮಾರಾಟಕ್ಕೆ ಬೆಳೆಯುವ ದೊಡ್ಡ ತೋಟಗಳಿಗೆ ಅದು ಅನ್ವಯಿಸುವುದಿಲ್ಲ. ಹೊಟ್ಟೆಪಾಡಿನ ಬೆಳೆಯ ವಿಷಯದಲ್ಲಿ ಇಲ್ಲಿಯ ಸರ್ಕಾರವೂ ಕೈ ಹಾಕಲು ಹಿಂದೆ ಮುಂದೆ ನೋಡಿದೆ. ಕುಷ್ಟಗಿಯ ದಾಳಿಂಬೆ ಬೆಳೆಗಾರ ರೋಗಕ್ಕೆ, ಆಲಿಕಲ್ಲಿಗೆ, ಬೆಲೆ ಕುಸಿತಕ್ಕೆ ಅಂಜಿ ಕೂತಿರುತ್ತಾನೆ. ಅವನ ಮುಂದೆ ನಿಂತು ನಾನು ಬಲೆಯ ಅಳತೆ ಹೇಳುವುದು ಸುಲಭದ ಮಾತಲ್ಲ. ಅಟ್ಟದ ಮೇಲೆ ಕೂತು ಕಾಯುವವರೂ ಈಗ ಇಲ್ಲ. ಅಜ್ಜನ ಜೊತೆ ಕೂಗಲು ಹೋಗುತ್ತಿದ್ದ ಹುಡುಗರು ಈಗ ಶಾಲೆಯಲ್ಲಿದ್ದಾರೆ. ಇರಬೇಕಾದದ್ದೂ ಅಲ್ಲೇ.

ಇಲ್ಲಿನ ದಯೆಯೂ ಎಲ್ಲ ಹಕ್ಕಿಗೂ ಒಂದೇ ಅಲ್ಲ. ನಮ್ಮ ಗೊರವಂಕವನ್ನು 1860ರ ದಶಕದಲ್ಲಿ ತೋಟದ ಹುಳ ತಿನ್ನಲಿ ಅಂತ ಇವರೇ ಮೆಲ್ಬರ್ನ್‌ಗೆ ತರಿಸಿ ಬಿಟ್ಟರು. ಈಗ ಅದು ಇಲ್ಲಿನ ಹಕ್ಕಿಗಳ ಪೊಟರೆ ಕಸಿಯುತ್ತದೆ ಅಂತ ದೇಶದ ಕೆಲವು ಕಡೆ ಬೋನಿಟ್ಟು ಹಿಡಿದು ಕೊಲ್ಲುತ್ತಾರೆ. ಅವರ ಕಾರಣ ಸುಳ್ಳಲ್ಲ. ಆದರೂ ಊರಿನ ದನಿಯಲ್ಲಿ ಕೂಗುವ ಹಕ್ಕಿಯ ಬಗ್ಗೆ ಅಂಥ ಮಾತು ಕೇಳುವಾಗ ನನಗೆ ಸಂಕಟವಾಗುತ್ತದೆ. ನಮ್ಮ ದೇಶವೂ ಬದಲಾಗಿಲ್ಲ ಅನ್ನುವ ಹಾಗಿಲ್ಲ. ಹಣ್ಣು ತಿನ್ನುವ ಬಾವಲಿಯನ್ನು 1972ರ ವನ್ಯಜೀವಿ ಕಾಯ್ದೆ ಇಲಿ, ಹೆಗ್ಗಣಗಳ ಜೊತೆ ಪೀಡೆಯ ಪಟ್ಟಿಯಲ್ಲಿ ಇಟ್ಟಿತ್ತು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದರು.

ದೊಡ್ಡ ತೋಟದವರಿಗೂ ಒಂದು ದಾರಿ ಇದೆ ಅಂತ ನನಗೆ ಅನಿಸುತ್ತದೆ. ಹಕ್ಕಿ ಬಲೆಗೆ, ಆಲಿಕಲ್ಲಿನ ಬಲೆಗೆ ಕೇಂದ್ರದ ತೋಟಗಾರಿಕೆ ಮಿಷನ್ ಸಹಾಯಧನ ಕೊಡುತ್ತದೆ. ಕೊಡುವಾಗ ಬಲೆಯ ಕಣ್ಣು ಎಷ್ಟಿರಬೇಕು, ಅದನ್ನು ಕಂಬಕ್ಕೆ ಹೇಗೆ ಬಿಗಿಯಬೇಕು ಅಂತ ಸ್ಪಷ್ಟವಾಗಿ ಹೇಳಲಿ. ಸಣ್ಣ ಕಣ್ಣಿನ ಬಲೆಗೆ ಬೀಳುವ ಹೆಚ್ಚಿನ ಖರ್ಚನ್ನು ರೈತನ ತಲೆಗೆ ಕಟ್ಟದೆ ಅದೇ ಹಣದಲ್ಲಿ ಸೇರಿಸಲಿ. ಹಿತ್ತಲಲ್ಲಿ ಒಂದೇ ಚಪ್ಪರ ಇರುವವರು ಮಾತ್ರ ಯಾವ ಇಲಾಖೆಗೂ ಕಾಯಬೇಕಿಲ್ಲ.