ಇಲ್ಲದ ಠೇವಣಿಗೆ ಬಂದ ಬಡ್ಡಿ

ಫಸ್ಟ್ ಪಿಯುಸಿ ಕಾಮರ್ಸ್ ಹುಡುಗರಿಗೆ ಲೆಕ್ಕದ ವರ್ಷ ಮುಗಿಯುವ ಮಾರ್ಚ್ 31 ಅಂದರೆ ಎರಡು ಪಾಠ. ಕೆಲಸ ಮುಗಿದಿದೆ, ದುಡ್ಡು ಇನ್ನೂ ಕೈಗೆ ಬಂದಿಲ್ಲ: ಅದು ಬರಬೇಕಾದ ಆದಾಯ, ಈ ವರ್ಷದ ಲೆಕ್ಕಕ್ಕೇ ಸೇರಬೇಕು. ದುಡ್ಡು ಬಂದಿದೆ, ಕೆಲಸ ಇನ್ನೂ ಶುರುವಾಗಿಲ್ಲ: ಅದು ಮುಂಗಡ ಆದಾಯ. ಹೆಸರು ಆದಾಯ ಅಂತಿದ್ದರೂ ಬರೆಯಬೇಕಾದದ್ದು ಹೊಣೆಯ ಕಡೆಗೆ, ಅಂದರೆ ಇನ್ನೂ ತೀರಿಸಬೇಕಾದ ಸಾಲದ ಹಾಗೆ. ಅದಲು ಬದಲು ಮಾಡಿದರೆ ಹುಡುಗನ ಮಾರ್ಕ್ಸ್ ಹೋಗುತ್ತದೆ. ದೊಡ್ಡವರ ವಿಷಯ ಬೇರೆ.

ಹೈದರಾಬಾದಿನ ಸತ್ಯಂ ಸಾಫ್ಟ್‌ವೇರ್ ಕಂಪನಿಯನ್ನೇ ನೋಡಿ. 2008ರಲ್ಲಿ ಉತ್ತಮ ಆಡಳಿತಕ್ಕಾಗಿ ಅದಕ್ಕೆ ಗೋಲ್ಡನ್ ಪೀಕಾಕ್ ಪ್ರಶಸ್ತಿ. 2009ರ ಜನವರಿ 7ರಂದು ಅಧ್ಯಕ್ಷ ರಾಮಲಿಂಗ ರಾಜು ಅವರಿಂದ ಒಂದು ಪತ್ರ. ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದು, ಬ್ಯಾಂಕ್ ಹಣದಲ್ಲಿ 5,040 ಕೋಟಿ ಇಲ್ಲವೇ ಇಲ್ಲ! ಅದು ಹೋಗಲಿ. ಅದೇ ಪತ್ರದಲ್ಲಿ ಇನ್ನೊಂದು ಸಾಲು: ಬರಬೇಕಾದ ಬಡ್ಡಿ 376 ಕೋಟಿ, ಅದೂ ಇಲ್ಲ.

ಈ ಶಿಸ್ತಿಗೆ ನಾನಂತೂ ತಲೆಬಾಗುತ್ತೇನೆ. ಇಲ್ಲದ ದುಡ್ಡಾದರೇನು, ಬ್ಯಾಂಕಿನಲ್ಲಿ ಇದೆ ಎಂದ ಮೇಲೆ ಬಡ್ಡಿ ಹುಟ್ಟಲೇಬೇಕಲ್ಲ? ಬಡ್ಡಿ ತೋರಿಸದೆ ಬಿಟ್ಟಿದ್ದರೆ ಯಾರಾದರೂ ಸುಮ್ನೆ ಒಂದು ಪ್ರಶ್ನೆ ಕೇಳಿಬಿಡುತ್ತಿದ್ದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರನ್ನು ಕಂಡಿದ್ದೇವೆ. ಇವರು ಹುಟ್ಟದ ಕೂಸಿಗೆ ವರ್ಷ ವರ್ಷ ಹುಟ್ಟುಹಬ್ಬವನ್ನೂ ಮಾಡಿದರು.

ಎರಡನೇ ಪಾಠಕ್ಕೆ ನಮ್ಮ ಬೆಂಗಳೂರೇ ಸಾಕು. ಬೈಜೂಸ್ ಮಕ್ಕಳಿಗೆ ಪಾಠ ಮಾರುತ್ತಿದ್ದ ಕಂಪನಿ. ಹಲವು ವರ್ಷದ ಕೋರ್ಸ್, ಫೀಸು ಈಗಲೇ. ಕೈಯಲ್ಲಿ ದುಡ್ಡಿಲ್ಲದ ಅಪ್ಪ ಅಮ್ಮಂದಿರಿಗೆ ಸಾಲದ ವ್ಯವಸ್ಥೆಯೂ ಇತ್ತು. ಮಗು ಇನ್ನೂ ಭಿನ್ನರಾಶಿಗೆ ಬಂದಿಲ್ಲ, ಮುಂದಿನ ವರ್ಷದ ಫೀಸು ಆಗಲೇ ಈ ವರ್ಷದ ಆದಾಯ! ಆಡಿಟರ್‌ಗಳು ಒಪ್ಪಲಿಲ್ಲ. ಕೋರ್ಸ್ ನಡೆಯುವ ಅವಧಿಗೆಲ್ಲ ಹಂಚಿ ಎಂದರು. 2020-21ರ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಫಸ್ಟ್ ಪಿಯುಸಿ ಹುಡುಗ ಅಷ್ಟು ತಡವಾಗಿ ಉತ್ತರಪತ್ರಿಕೆ ಕೊಟ್ಟಿದ್ದರೆ ಏನಾಗುತ್ತಿತ್ತು ಹೇಳಿ.

ಸುಮಾರು ಶೇ. 40ರಷ್ಟು ಆದಾಯ ಮುಂದಿನ ವರ್ಷಗಳಿಗೆ ಜಾರಿತು ಎಂದು ಕಂಪನಿಯೇ ವಿವರಿಸಿತು. ಆ ವರ್ಷದ ನಷ್ಟ 4,500 ಕೋಟಿ ದಾಟಿತ್ತು. ಆದರೂ ಹೂಡಿಕೆದಾರರು ಕಟ್ಟಿದ ಬೆಲೆ 22 ಬಿಲಿಯನ್ ಡಾಲರ್! ಅದೂ ಒಂಥರಾ ಬರಬೇಕಾದ ಆದಾಯವೇ. ನಮ್ಮ ಬೀದಿಯ ಟ್ಯೂಷನ್ ಮೇಷ್ಟ್ರು ತಿಂಗಳ ಮೊದಲಿಗೇ ಫೀಸು ತೆಗೆದುಕೊಂಡು, ಆ ತಿಂಗಳು ಪೂರ್ತಿ ಪಾಠ ಮಾಡಿ, ಆಮೇಲಷ್ಟೇ ತನ್ನದು ಅಂದುಕೊಳ್ಳುತ್ತಾರೆ. ಪಾಪ, ಅವರಿಗೆ ಯಾರೂ ಹೂಡಿಕೆ ಕೊಡಲಿಲ್ಲ.

2023ರ ಜೂನ್‌ನಲ್ಲಿ ಆಡಿಟರ್ ಡೆಲಾಯ್ಟ್ ರಾಜೀನಾಮೆ ಕೊಟ್ಟಿತು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ದಿವಾಳಿ ಅರ್ಜಿ ಸ್ವೀಕರಿಸಿತು. ಅರ್ಜಿ ಹಾಕಿದ್ದು ಯಾರು? ಬಿಸಿಸಿಐ. ಟೀಮ್ ಇಂಡಿಯಾದ ಜೆರ್ಸಿ ಮೇಲೆ ಹೆಸರು ಹಾಕಿಸಿಕೊಂಡಾಗಿತ್ತು, 158 ಕೋಟಿ ರೂಪಾಯಿ ಬಾಕಿ ಉಳಿದಿತ್ತು. ಕೊಡಬೇಕಾದ ಖರ್ಚು. ಪಿಯುಸಿ ಪುಸ್ತಕದಲ್ಲಿ ಅದು ಅದೇ ಅಧ್ಯಾಯದಲ್ಲೇ ಬರುತ್ತದೆ, ಅಲ್ವಾ?