ಹಸಿ ತೂಕವೋ, ಒಣ ತೂಕವೋ?

ಇವತ್ತು ಬೆಳಿಗ್ಗೆ ಕಾರವಾರದ ಮೀನು ಮಾರ್ಕೆಟ್‌ನಲ್ಲಿ ನಡೆದದ್ದು ನೋಡಿ ಹೊಟ್ಟೆ ಉರಿಯಿತು. ಬಳಚು, ಅಂದರೆ ಚಿಪ್ಪು ಮೀನು, ಮಾರುವ ಅಜ್ಜಿಯ ಮುಖಕ್ಕೆ ಒಬ್ಬ ಮೊಬೈಲ್ ಹಿಡಿದಿದ್ದ. 'ಕಾಳಿ ನದಿಯ ಬಳಚಿನಲ್ಲಿ ಪೊಲೋನಿಯಂ, ಕೈಗಾ ಅಣುಸ್ಥಾವರದ ವಿಷ' ಅಂತ ವಾಟ್ಸಾಪ್ ಮೆಸೇಜು. ಕೆಳಗೆ, ಕಿಲೋಗೆ ಇಷ್ಟು ಅಂತ, ಒಂದು ಅಂಕಿ. ನಿಂತವರೆಲ್ಲ ಹಿಂದೆ ಸರಿದರು. ಹತ್ತು ಗಂಟೆಯಾದರೂ ಬುಟ್ಟಿ ತುಂಬಿಯೇ ಇತ್ತು.

ನಾನು ಕೇಳಿದ್ದು ಒಂದೇ: ಈ ಅಂಕಿ ಹಸಿ ತೂಕಕ್ಕೋ, ಒಣ ತೂಕಕ್ಕೋ? ಅವನಿಗೆ ಗೊತ್ತಿಲ್ಲ. ಮೆಸೇಜಿನಲ್ಲೂ ಇಲ್ಲ. ಬಳಚಿನ ಮಾಂಸದಲ್ಲಿ ಮುಕ್ಕಾಲಿಗೂ ಜಾಸ್ತಿ ನೀರೇ. ಒಣಗಿಸಿ ತೂಗಿದರೆ ಅದೇ ಬಳಚಿನ ಅಂಕಿ ನಾಲ್ಕೈದು ಪಟ್ಟು ಏರುತ್ತದೆ. ನಾವು ಒಣ ಪುಡಿ ತಿನ್ನುವುದಿಲ್ಲ, ಅಲ್ವಾ?

ಇನ್ನು ಪೊಲೋನಿಯಂ-210. ಅದು ವಿಕಿರಣ ಸೂಸುವ ಧಾತು, ನಿಸರ್ಗದಲ್ಲಿರುವ ಯುರೇನಿಯಂ ಹಂತಹಂತವಾಗಿ ಒಡೆಯುವ ಸರಣಿಯಲ್ಲಿ ತಾನಾಗಿ ಹುಟ್ಟುವಂಥದ್ದು. ಎಲ್ಲ ಸಮುದ್ರದಲ್ಲೂ ಇದೆ, ಚಿಪ್ಪಿನ ಜೀವಿಗಳು ಅದನ್ನು ಮೈಯಲ್ಲಿ ಕೂಡಿಡುತ್ತವೆ. ಕೈಗಾ 2000ದಲ್ಲಿ ವಾಣಿಜ್ಯ ಉತ್ಪಾದನೆ ಶುರುಮಾಡುವ ಎಷ್ಟೋ ಮೊದಲೇ ನಮ್ಮಜ್ಜಿಯ ಬಳಚಿನ ಸುಕ್ಕೆಯಲ್ಲಿ ಅದಿತ್ತು.

ಅದನ್ನು ಅಳೆಯುವ ಕೆಲಸ ನಾನು ವರ್ಷಗಟ್ಟಲೆ ಮಾಡಿದ್ದೇನೆ. ಕುಲುಮೆಯಲ್ಲಿ ಸುಡುವಂತಿಲ್ಲ, ಪೊಲೋನಿಯಂ ಹಾರಿಹೋಗುತ್ತದೆ. ನೈಟ್ರಿಕ್ ಆಸಿಡ್‌ನಲ್ಲಿ ನಿಧಾನಕ್ಕೆ ಕರಗಿಸಬೇಕು. ದಾರಿಯಲ್ಲಿ ಎಷ್ಟು ಕಳೆಯಿತೆಂದು ತಿಳಿಯಲು ಮೊದಲೇ ಅದರ ಸೋದರ ರೂಪ ಪೊಲೋನಿಯಂ-209 ಅನ್ನು ಅಳೆದು ಸೇರಿಸಬೇಕು. ಕಬ್ಬಿಣದಿಂದ ಹಳದಿಯಾದ ದ್ರಾವಣಕ್ಕೆ ವಿಟಮಿನ್ ಸಿ ಹಾಕಿದರೆ ಕಣ್ಣೆದುರೇ ಬಣ್ಣ ಹೋಗುತ್ತದೆ. ಆಮೇಲೆ ನಾಣ್ಯದಷ್ಟು ಬೆಳ್ಳಿ ಬಿಲ್ಲೆ ಇಳಿಬಿಟ್ಟು ಗಂಟೆಗಟ್ಟಲೆ ಬಿಸಿಯಲ್ಲಿಟ್ಟರೆ ಪೊಲೋನಿಯಂ ಬಂದು ಅದರ ಮೇಲೆ ಕೂರುತ್ತದೆ. ಅದರಿಂದ ಹೊರಡುವ ಆಲ್ಫಾ ಕಣಗಳನ್ನು ಒಂದೊಂದಾಗಿ ಎಣಿಸುತ್ತಾ ಕಾಯಬೇಕು. ಇಷ್ಟು ಮಾಡಿ ಬಂದ ಅಂಕಿಯ ಪಕ್ಕ ಹಸಿಯೋ ಒಣವೋ ಅಂತ ಬರೆಯದಿದ್ದರೆ ಎಲ್ಲ ನೀರುಪಾಲು. ನಾನೂ ಒಮ್ಮೆ ಒಣ ತೂಕದ ಅಂಕಿಯನ್ನು ಹಸಿ ತೂಕದ ಕಾಲಮ್ಮಿನಲ್ಲಿ ಬರೆದಿದ್ದೆ. ವರದಿ ಹೋಗುವ ಮೊದಲು ಹಿರಿಯರು ಹಿಡಿದರು. ಆ ರಾತ್ರಿ ನಿದ್ದೆ ಬರಲಿಲ್ಲ.

'ಹಾಗಾದ್ರೆ ನೀವು ಕೈಗಾ ಪರ' ಅಂದ ಆ ಮೊಬೈಲಿನವನು. ಇಲ್ಲ ಮಾರಾಯ. 2009ರ ನವೆಂಬರಿನಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ಗೆ, ರಿಯಾಕ್ಟರಿನಲ್ಲಿ ಹುಟ್ಟುವ ವಿಕಿರಣಶೀಲ ಟ್ರಿಟಿಯಂ ಬೆರೆತದ್ದು ಗೊತ್ತಾಗಿದ್ದೇ ಕೆಲಸಗಾರರ ಮೂತ್ರ ಪರೀಕ್ಷೆಯಿಂದ. ಅಳೆದಿದ್ದಕ್ಕೆ ಸಿಕ್ಕಿತು. ಅನುಮಾನ ಇದ್ದರೆ ಟ್ರಿಟಿಯಂ ಅಳೆಸಿ, ರಿಯಾಕ್ಟರಿನದೇ ಇನ್ನೊಂದು ಗುರುತಾದ ಸೀಸಿಯಂ-137 ಅಳೆಸಿ, ನಾನೂ ಜೊತೆಗೆ ನಿಲ್ಲುತ್ತೇನೆ. ಸುಮ್ನೆ ಒಂದು ಅಂಕಿ ಹಿಡಿದು ಬಡವಿಯ ಹೊಟ್ಟೆ ಮೇಲೆ ಹೊಡೆಯಬೇಡಿ.

ಅವನು ಹೋದ ಮೇಲೆ ಅಜ್ಜಿ ಮೆಲ್ಲಗೆ ಕೇಳಿದಳು, 'ತಮಾ, ಮನೇಲಿ ಮೊಮ್ಮಕ್ಕಳಿಗೂ ಇದನ್ನೇ ಹಾಕ್ತೆ. ಹಾಕಬಹುದಾ?' ಹಾಕು ಅಂದೆ. ನಾನೂ ಎರಡು ಪಾಲು ಕಟ್ಟಿಸಿಕೊಂಡು ಬಂದೆ. ಈಗ ಒಲೆ ಮೇಲಿದೆ.