ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್!

“ನೀನು ಕೆಲಸ ಮಾಡುತ್ತಿದ್ದೀಯೋ, ಓದುತ್ತಿದ್ದೀಯೋ?” ಎಂದು ನಾನು ಇಂಗ್ಲಿಷಿನಲ್ಲಿ, ಸಾಧ್ಯವಾದಷ್ಟು ಬಿಗಿಯಾದ ಮುಖ ಮಾಡಿಕೊಂಡು ಕೇಳಿದೆ. ಎದುರಿಗೆ ಕುಳಿತಿದ್ದ ಅಣ್ಣನ ಮಗಳು ಹುಬ್ಬು ಗಂಟಿಕ್ಕಿ, ಚಾವಣಿಯತ್ತ ಒಮ್ಮೆ ದೃಷ್ಟಿ ಹಾಯಿಸಿ, ಯಾರೋ ಬ್ರಹ್ಮಜಿಜ್ಞಾಸೆಗೆ ಕರೆದಂತೆ ನಿಡುಸುಯ್ದು, “ದಟ್ಸ್ ಎ ವೆರಿ ಇಂಟರೆಸ್ಟಿಂಗ್ ಕ್ವೆಶ್ಚನ್. ಟು ಬಿ ಆನೆಸ್ಟ್, ಐ ಹ್ಯಾವ್ ನೆವರ್ ಥಾಟ್ ಅಬೌಟ್ ಇಟ್ ಬಿಫೋರ್” ಎಂದಳು. ಮೂರು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಎದ್ದು ಕಚೇರಿಗೆ ಹೋಗುತ್ತಿರುವ ಹುಡುಗಿಗೆ ತಾನು ಕೆಲಸದಲ್ಲಿದ್ದೇನೆಯೇ ಎಂಬ ವಿಷಯ ಇದುವರೆಗೆ ಒಮ್ಮೆಯೂ ಹೊಳೆದಿಲ್ಲವೆಂದು ತಿಳಿದು ನನಗೆ ಆತಂಕವಾಯಿತು. ಅವಳಿಗೆ ಆಗಲಿಲ್ಲ. “ಹೇಗಿತ್ತು ಚಿಕ್ಕಪ್ಪ, ನ್ಯಾಚುರಲ್ ಆಗಿತ್ತಲ್ವಾ?” ಎಂದು ಕೇಳಿದಳು.

ಅವಳು ಸಿದ್ಧತೆ ನಡೆಸುತ್ತಿದ್ದದ್ದು, ವಿದೇಶಕ್ಕೆ ಹೋಗುವವರ ಇಂಗ್ಲಿಷನ್ನು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಸ್ಪೀಕಿಂಗ್ ಭಾಗಕ್ಕೆ. 1989ರಿಂದ ನಡೆದು ಬಂದಿರುವ ಈ ಪರೀಕ್ಷೆಯಲ್ಲಿ ಮಾತಿಗೆ ಮೀಸಲಾದ ಸಮಯ 11ರಿಂದ 14 ನಿಮಿಷ. ಮೊದಲಿಗೆ ಮನೆ, ಕೆಲಸ, ಹವ್ಯಾಸ ಎಂದು ನಾಲ್ಕೈದು ನಿಮಿಷದ ಕುಶಲ ಪ್ರಶ್ನೆಗಳಿರುತ್ತವೆ. ಆಮೇಲೆ ಒಂದು ಕಾರ್ಡು, ಒಂದು ಕಾಗದ, ಒಂದು ಪೆನ್ಸಿಲು ಕೊಟ್ಟು, ಒಂದು ನಿಮಿಷ ಯೋಚಿಸಿ ಎರಡು ನಿಮಿಷದವರೆಗೆ ಒಬ್ಬರೇ ಮಾತನಾಡಿ ಎನ್ನುತ್ತಾರೆ. ಕೊನೆಗೆ ಮತ್ತೆ ನಾಲ್ಕೈದು ನಿಮಿಷ, ಅದೇ ವಿಷಯವನ್ನು ಹಿಡಿದು ಚರ್ಚೆ. ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನೊಡನೆ ಸಹಜವಾಗಿ ಮಾತನಾಡಬಲ್ಲನೇ ಎಂಬುದನ್ನು ಅಳೆಯುವುದು ಇದರ ಉದ್ದೇಶ. ಉದ್ದೇಶದಲ್ಲಿ ನನಗೆ ಯಾವ ದೋಷವೂ ಕಾಣುವುದಿಲ್ಲ. ಆದರೆ ಸಹಜತೆಗೆ ಅಂಕವಿದೆ ಎಂದು ಗೊತ್ತಾದ ಮರುಗಳಿಗೆಯೇ ಸಹಜತೆಯನ್ನು ಉರು ಹೊಡೆಸುವ ಪಾಠಶಾಲೆಗಳು ಹುಟ್ಟಿಕೊಂಡವು, ಮತ್ತು ಅಲ್ಲಿಂದ ಹೊರಬಂದ ಒಂದು ನೋಟ್‌ಬುಕ್ ಈಗ ನನ್ನ ಮೇಜಿನ ಮೇಲಿತ್ತು.

ಆ ನೋಟ್‌ಬುಕ್ಕನ್ನು ನಾನು ಭಕ್ತಿಯಿಂದಲೇ ಓದಿದೆ. ಉತ್ತರ ಗೊತ್ತಿದ್ದಾಗ ಹೇಳಬೇಕಾದ ಮಾತು, ಉತ್ತರ ಗೊತ್ತಿಲ್ಲದಾಗ ಹೇಳಬೇಕಾದ ಮಾತು, ಉತ್ತರ ಗೊತ್ತಿದ್ದರೂ ಗೊತ್ತಿಲ್ಲದವರಂತೆ ತಡವರಿಸಬೇಕಾದಾಗ ಹೇಳಬೇಕಾದ ಮಾತು ಎಂದು ಪುಟಗಳನ್ನು ವಿಂಗಡಿಸಲಾಗಿತ್ತು. ಪರೀಕ್ಷಕರ ಮಾತು ಕಿವಿಗೆ ಬೀಳದಿದ್ದರೆ ಏನು ಹೇಳಬೇಕು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. “ದಯವಿಟ್ಟು ಇನ್ನೊಮ್ಮೆ ಹೇಳುತ್ತೀರಾ?” ಎಂದು ಕೇಳಿದರೆ ಪರೀಕ್ಷಕರು ಸಂತೋಷವಾಗಿ ಇನ್ನೊಮ್ಮೆ ಹೇಳುತ್ತಾರೆ. ಇಡೀ ಪರೀಕ್ಷೆಯಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ನುಡಿ ಅದೊಂದೇ ಇರಬಹುದು. “ಅದು ತುಂಬಾ ಸಿಂಪಲ್ ಚಿಕ್ಕಪ್ಪ, ಅದಕ್ಕೆ ಮಾರ್ಕ್ಸ್ ಬರಲ್ಲ” ಎಂದು ಅವಳು ನನ್ನ ಅಜ್ಞಾನವನ್ನು ಕ್ಷಮಿಸಿದಳು.

ನೋಟ್‌ಬುಕ್ಕಿನ ಹೆಚ್ಚು ಪುಟಗಳು ಮೀಸಲಾಗಿದ್ದದ್ದು ಹೊತ್ತು ಕಳೆಯುವ ನುಡಿಗಳಿಗೆ. ಉದಾಹರಣೆಗೆ, “ನಿಮಗೆ ಯಾವ ಬಣ್ಣ ಇಷ್ಟ?” ಎಂಬ ಪ್ರಶ್ನೆಗೆ ಅವಳು ಕೊಟ್ಟ ಉತ್ತರ ಹೀಗೆ ಶುರುವಾಯಿತು: ವೆಲ್, ಟು ಬಿ ಪರ್ಫೆಕ್ಟ್ಲಿ ಆನೆಸ್ಟ್ ವಿತ್ ಯು, ದಟ್ಸ್ ಎ ರಿಯಲಿ ಥಾಟ್-ಪ್ರೊವೋಕಿಂಗ್ ಕ್ವೆಶ್ಚನ್, ಅಂಡ್ ದೇರ್ ಆರ್ ಮೆನಿ ವೇಸ್ ಆಫ್ ಲುಕಿಂಗ್ ಅಟ್ ಇಟ್, ಬಟ್ ಇಫ್ ಐ ಹ್ಯಾಡ್ ಟು ಚೂಸ್, ಆಫ್ ದಿ ಟಾಪ್ ಆಫ್ ಮೈ ಹೆಡ್, ಐ ವುಡ್ ಹ್ಯಾವ್ ಟು ಸೇ... ನಾನು ಗಡಿಯಾರ ನೋಡಿದೆ. ಹದಿನೇಳು ಸೆಕೆಂಡುಗಳ ಪೀಠಿಕೆಯಾದ ಮೇಲೆ, ಗರ್ಭಗುಡಿಯ ಬಾಗಿಲು ತೆರೆದಂತೆ, ಒಳಗಿನಿಂದ ಒಂದು ಪದ ಹೊರಬಂತು: “ಬ್ಲೂ.” ದೇವರಿಗಿಂತ ಪ್ರಭಾವಳಿಯೇ ದೊಡ್ಡದಾದ ಗುಡಿಗಳನ್ನು ನಾವು ಕಂಡಿದ್ದೇವೆ, ಆದರೆ ಪ್ರಭಾವಳಿಯನ್ನು ಮೊದಲು ಎರಕ ಹೊಯ್ದು, ಆಮೇಲೆ ಅದಕ್ಕೆ ಹೊಂದುವ ದೇವರನ್ನು ಹುಡುಕುವ ಪದ್ಧತಿ ಹೊಸದು.

ಪ್ರಾಮಾಣಿಕತೆಯ ವಿಷಯದಲ್ಲಂತೂ ಈ ನೋಟ್‌ಬುಕ್ಕಿಗೆ ಸಾಟಿಯಿಲ್ಲ. ‘ಟು ಬಿ ಆನೆಸ್ಟ್’, ‘ಫ್ರಾಂಕ್ಲಿ ಸ್ಪೀಕಿಂಗ್’, ‘ಟು ಟೆಲ್ ಯು ದ ಟ್ರುತ್’ ಎಂಬ ಮೂರು ಪ್ರಮಾಣವಚನಗಳನ್ನು ಅವಳು ಒಂದೇ ನಿಮಿಷದೊಳಗೆ ಸ್ವೀಕರಿಸಿ, ತಾನು ಎಂದೂ ನುಡಿಸದ ಪಿಟೀಲಿನ ಬಗ್ಗೆ ಮತ್ತು ತನಗೆ ಇಲ್ಲದ ಅಣ್ಣನ ಬಗ್ಗೆ ಸವಿಸ್ತಾರವಾಗಿ ಹೇಳಿದಳು. ಪರೀಕ್ಷಕರು ಅಳೆಯುವುದು ಭಾಷೆಯನ್ನೇ ಹೊರತು ಸತ್ಯವನ್ನಲ್ಲವಾದ್ದರಿಂದ ಇದರಲ್ಲಿ ನಿಯಮದ ಉಲ್ಲಂಘನೆ ಏನೂ ಇಲ್ಲ. ಸತ್ಯ ಹೇಳುವ ಇರಾದೆ ಇಲ್ಲದಿರುವ ಕಡೆ ಅದರ ಹೆಸರನ್ನು ಇಷ್ಟು ಸಲ ಕರೆಯುವುದೇಕೆ ಎಂಬ ಸಣ್ಣ ಅನುಮಾನವೊಂದು ಮಾತ್ರ ನನ್ನಲ್ಲಿ ಉಳಿಯಿತು.

ಕಾರ್ಡಿನ ವಿಷಯಕ್ಕೆ ಬಂದರೆ, ಅಲ್ಲಿ ಅವಳ ಸಿದ್ಧತೆ ಇನ್ನೂ ಘನವಾದದ್ದು. ನೀವು ಮೆಚ್ಚುವ ವ್ಯಕ್ತಿ, ಮರೆಯಲಾಗದ ಪ್ರಯಾಣ, ನಿಮಗೆ ಸಿಕ್ಕ ಉಡುಗೊರೆ, ಕಲಿತ ಒಂದು ವಿದ್ಯೆ, ಹೀಗೆ ಯಾವ ಕಾರ್ಡು ಬಂದರೂ ನಿಭಾಯಿಸಲು ಅವಳು ಒಬ್ಬ ತಾತನನ್ನು ಸೃಷ್ಟಿಸಿಕೊಂಡಿದ್ದಳು. ಆ ತಾತನೇ ಮೆಚ್ಚಿನ ವ್ಯಕ್ತಿ, ಆತನ ಜೊತೆಯಲ್ಲೇ ಪ್ರಯಾಣ, ಆತನೇ ಕೊಟ್ಟ ಗಡಿಯಾರವೇ ಉಡುಗೊರೆ, ಆತನಿಂದಲೇ ಕಲಿತದ್ದು ಈಜು. ಹಸುವಿನ ಪ್ರಬಂಧವನ್ನಷ್ಟೇ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಹುಡುಗನೊಬ್ಬ, ಪರೀಕ್ಷೆಯಲ್ಲಿ ಮರದ ಬಗ್ಗೆ ಬರೆಯಲು ಹೇಳಿದಾಗ, ಮರಕ್ಕೆ ಹಸುವನ್ನು ಕಟ್ಟಿ, ಆಮೇಲೆ ನಿಶ್ಚಿಂತೆಯಿಂದ ಹಸುವಿನ ಬಗ್ಗೆ ಬರೆದು ಬಂದ ಕಥೆ ಎಲ್ಲರಿಗೂ ಗೊತ್ತು. ನಾವು ಅದನ್ನು ನಗೆಹನಿ ಎಂದುಕೊಂಡಿದ್ದೆವು, ಅದೊಂದು ಬೋಧನಕ್ರಮವೆಂದು ನನಗೆ ಈಗಷ್ಟೇ ತಿಳಿಯಿತು. ಬೇಕೆಂದೇ ನಾನು “ನಿಮಗೆ ಬೇಸರ ತರಿಸಿದ ಒಂದು ಜಾಹೀರಾತು” ಎಂಬ ಕಾರ್ಡು ಕೊಟ್ಟೆ. ಒಂದು ನಿಮಿಷ ಪೆನ್ಸಿಲು ಆಡಿಸಿದ ಬಳಿಕ ಅವಳು, ಆ ಜಾಹೀರಾತನ್ನು ತಾನು ತಾತನ ಮನೆಯಲ್ಲಿ ನೋಡಿದೆನೆಂದು ಆರಂಭಿಸಿದಳು.

ಇದಕ್ಕೆಲ್ಲ ಹುಡುಗಿಯನ್ನು ದೂರುವುದು ಸರಿಯಲ್ಲ. ಮೂಲ ಇರುವುದು ಅಂಕ ನೀಡುವ ಕೈಪಿಡಿಯಲ್ಲಿ. ನಿರರ್ಗಳತೆ, ಶಬ್ದಸಂಪತ್ತು, ವ್ಯಾಕರಣ, ಉಚ್ಚಾರಣೆ ಎಂಬ ನಾಲ್ಕಕ್ಕೂ ಸಮಪಾಲು ಅಂಕವಿದೆ. ಅಂಕದ ಮೆಟ್ಟಿಲುಗಳಿಗೆ ಅಲ್ಲಿ ಬ್ಯಾಂಡ್ ಎಂದು ಹೆಸರು, ಒಂಬತ್ತನೆಯದೇ ತುದಿ. ಶಬ್ದಸಂಪತ್ತಿನಲ್ಲಿ ಏಳನೆಯ ಬ್ಯಾಂಡ್ ಬೇಕೆನ್ನುವವರು ಅಷ್ಟಾಗಿ ಬಳಕೆಯಲ್ಲಿಲ್ಲದ ಪದಗಳನ್ನೂ ನುಡಿಗಟ್ಟುಗಳನ್ನೂ ಕೆಲಮಟ್ಟಿಗೆ ಬಳಸಬೇಕು ಎಂಬ ಅರ್ಥದ ಒಂದು ಸಾಲು ಅಲ್ಲಿದೆ. ಈ ಒಂದು ಸಾಲನ್ನು ಹಿಡಿದು ಅಪರೂಪದ ನುಡಿಗಟ್ಟುಗಳ ಪಟ್ಟಿಯೊಂದು ತಯಾರಾಯಿತು, ಆ ಪಟ್ಟಿಯನ್ನು ಎಲ್ಲರೂ ಉರು ಹೊಡೆದರು, ಹಾಗಾಗಿ ಈಗ ಪರೀಕ್ಷೆಯ ಕೋಣೆಯಲ್ಲಿ ಅವುಗಳಷ್ಟು ಸಾಮಾನ್ಯವಾದ ಮಾತುಗಳು ಇನ್ನಾವುವೂ ಉಳಿದಿಲ್ಲ. ಅಲ್ಲಿ ಯಾರಿಗೂ ಬರಿಯ ಸಂತೋಷವಾಗುವುದಿಲ್ಲ, ಎಲ್ಲರೂ ‘ಆನ್ ಕ್ಲೌಡ್ ನೈನ್’ ಏರಿ ಕುಳಿತಿರುತ್ತಾರೆ. ಯಾರೂ ಅಪರೂಪಕ್ಕೆ ಸಿನಿಮಾ ನೋಡುವುದಿಲ್ಲ, ‘ಒನ್ಸ್ ಇನ್ ಎ ಬ್ಲೂ ಮೂನ್’ ನೋಡುತ್ತಾರೆ. ಮೊಬೈಲು, ಪ್ರವಾಸೋದ್ಯಮ, ಕೂಡುಕುಟುಂಬ, ಮಳೆ, ಇವೆಲ್ಲವೂ ತಪ್ಪದೆ ‘ಡಬಲ್-ಎಡ್ಜ್ಡ್ ಸ್ವೋರ್ಡ್’. ಇಷ್ಟೊಂದು ಇಬ್ಬಾಯಿ ಖಡ್ಗಗಳನ್ನು ದಿನವಿಡೀ ಝಳಪಿಸುವವರ ನಡುವೆ ಕುಳಿತೂ ಪರೀಕ್ಷಕರು ಸಂಜೆ ಕ್ಷೇಮವಾಗಿ ಮನೆಗೆ ಮರಳುತ್ತಿರುವುದು ಸೋಜಿಗ.

ಅದೇ ಕೈಪಿಡಿಯನ್ನು ಇನ್ನೂ ಕೆಳಗಿಳಿಸಿ ಓದುವ ಸಹನೆ ಇದ್ದವರಿಗೆ ಮತ್ತೊಂದು ಸ್ವಾರಸ್ಯ ಸಿಗುತ್ತದೆ. ಕೊಂಡಿಪದಗಳನ್ನು ಅತಿಯಾಗಿ ಬಳಸುವ ಲಕ್ಷಣವನ್ನು ಐದನೆಯ ಬ್ಯಾಂಡಿನಲ್ಲಿ ಹೇಳಿದೆ. ಬಿಡಿಬಿಡಿ ಪದಗಳು ಅಥವಾ ಬಾಯಿಪಾಠ ಮಾಡಿದ ಮಾತುಗಳು ಎಂಬ ವರ್ಣನೆ ಇರುವುದು ಎರಡನೆಯ ಬ್ಯಾಂಡಿನಲ್ಲಿ. ಎಂಟನೆಯ ಅಟ್ಟಕ್ಕೆ ಹತ್ತಲೆಂದು ಹಣ ಕೊಟ್ಟು ಕೊಂಡ ಏಣಿಯ ಮೇಲೆ ‘ಇದು ಎರಡನೆಯ ಅಟ್ಟದ್ದು’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿದ್ದರೂ ಏಣಿಯ ವ್ಯಾಪಾರ ಒಂದಿಷ್ಟೂ ತಗ್ಗಿಲ್ಲ.

ಪರೀಕ್ಷಕರ ಪಾಡೂ ಇದಕ್ಕಿಂತ ಭಿನ್ನವಲ್ಲ. ಎಲ್ಲ ಅಭ್ಯರ್ಥಿಗಳಿಗೂ ಸಮಾನ ನ್ಯಾಯ ಸಿಗಲೆಂದು ಅವರಿಗೂ ಬರೆದುಕೊಟ್ಟ ಮಾತುಗಳಿವೆ, ಮೊದಲ ಭಾಗದಲ್ಲಂತೂ ಅವುಗಳಿಂದ ಆಚೀಚೆ ಸರಿಯುವಂತಿಲ್ಲ. ಮಾತುಕತೆಯಿಡೀ ಧ್ವನಿಮುದ್ರಣವಾಗುತ್ತಿರುತ್ತದೆ. ಉತ್ತರ ಚೆನ್ನಾಗಿತ್ತೆಂದು ತಲೆದೂಗುವಂತಿಲ್ಲ, ಕೆಟ್ಟದಾಗಿತ್ತೆಂದು ಮುಖ ಸಿಂಡರಿಸುವಂತಿಲ್ಲ. ಅಭ್ಯರ್ಥಿಯೊಬ್ಬ “ಬರುವ ದಾರಿಯಲ್ಲಿ ನನ್ನ ಮನೆಗೆ ಬೆಂಕಿ ಬಿದ್ದ ಸುದ್ದಿ ಬಂತು” ಎಂದರೂ ಅವರ ಮುಂದಿನ ಪ್ರಶ್ನೆ “ನಿಮಗೆ ಟೋಪಿ ಧರಿಸುವುದು ಇಷ್ಟವೇ?” ಎಂದಿದ್ದರೆ ಅದನ್ನೇ ಕೇಳಬೇಕು. ಅಭ್ಯರ್ಥಿಯೂ ತನ್ನ ಪಾಠ ಬಲ್ಲವನಾದರೆ, ಅದು ಬಹಳ ಕುತೂಹಲಕರ ಪ್ರಶ್ನೆಯೆಂದೂ ಟೋಪಿಯೆಂಬುದು ಇಬ್ಬಾಯಿ ಖಡ್ಗವೆಂದೂ ಹೇಳುತ್ತಾನೆ. ಮೇಜಿನ ಈ ಬದಿಯ ಗಿಣಿ ಬಾಯಿಪಾಠದ ಪ್ರಶ್ನೆ ಕೇಳಿ, ಆ ಬದಿಯ ಗಿಣಿ ಬಾಯಿಪಾಠದ ಉತ್ತರ ಕೊಟ್ಟು, ಎರಡೂ ಪರಸ್ಪರ ವಂದಿಸಿ ಎದ್ದ ಮೇಲೆ, ಸಹಜ ಸಂಭಾಷಣೆಗೆ ಅರ್ಧ ಬ್ಯಾಂಡಿನವರೆಗೆ ಲೆಕ್ಕ ಹಾಕಿ ಅಂಕ ಬರುತ್ತದೆ.

ಎದುರಿಗೆ ಗಿಣಿಯೂ ಇಲ್ಲದ ಪರೀಕ್ಷೆಗಳಿವೆ. ಟೋಫೆಲ್ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆಯ ಇಂಟರ್‌ನೆಟ್ ರೂಪ 2005ರಲ್ಲಿ ಬಂದಾಗಿನಿಂದ ಅಲ್ಲಿ ಮಾತನಾಡಬೇಕಾದದ್ದು ಮೈಕಿನೊಡನೆ. ಅದರ ಮೊದಲ ಪ್ರಶ್ನೆಗೆ ಬಹುಕಾಲ ಇದ್ದ ಕಟ್ಟಳೆ ಎಂದರೆ ಯೋಚನೆಗೆ 15 ಸೆಕೆಂಡು, ಮಾತಿಗೆ 45 ಸೆಕೆಂಡು. ನಮ್ಮ ಹುಡುಗಿಯ ಹದಿನೇಳು ಸೆಕೆಂಡಿನ ಪೀಠಿಕೆಯನ್ನು ಅದರಲ್ಲಿ ಕಳೆದರೆ ಉಳಿಯುವುದು ಇಪ್ಪತ್ತೆಂಟು. “ನಿಮ್ಮ ಪ್ರಶ್ನೆ ತುಂಬಾ ಚೆನ್ನಾಗಿದೆ” ಎಂದು ಒಂದು ಯಂತ್ರವನ್ನು ಹೊಗಳುವಷ್ಟು ಔದಾರ್ಯ ಇರುವವರು ಸೆಕೆಂಡುಗಳ ಲೆಕ್ಕ ಇಡಲಾರರು, ಬಿಡಿ. ಅಂಕ ಕೊಡುವ ಕೆಲಸವನ್ನೂ ಯಂತ್ರಕ್ಕೇ ವಹಿಸಿದ್ದ ಬೇರೊಂದು ಪರೀಕ್ಷೆಯಲ್ಲಿ, ಇಂಗ್ಲಿಷೇ ತಾಯ್ನುಡಿಯಾಗಿದ್ದ, ಇಂಗ್ಲಿಷಿನಲ್ಲೇ ಎರಡು ಪದವಿ ಪಡೆದಿದ್ದ ಐರ್ಲೆಂಡಿನವರೊಬ್ಬರು ಆಸ್ಟ್ರೇಲಿಯಾದಲ್ಲಿ ನೆಲೆಸಲು ಬೇಕಿದ್ದಷ್ಟು ಅಂಕವನ್ನು ಮಾತಿನ ವಿಭಾಗದಲ್ಲಿ ಗಳಿಸಲಾಗದೆ ಹೋದ ಸುದ್ದಿ 2017ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಪಾಪ, ಹುಟ್ಟಿನಿಂದ ಬಂದ ಭಾಷೆಯನ್ನು ನೆಚ್ಚಿಕೊಂಡು ಹೋಗಿದ್ದಿರಬೇಕು.

ಇಷ್ಟೆಲ್ಲ ಬೆವರು ಸುರಿಸಿ ಪಡೆದ ಅಂಕಪಟ್ಟಿಗೆ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಮಾನ್ಯತೆ. ಆಮೇಲೆ ಭಾಷೆ ಒಳಗೊಳಗೇ ಆವಿಯಾಗಿ ಹೋಗಿರುತ್ತದೆ ಎಂಬ ನಂಬಿಕೆ ಇರಬಹುದು. ಅಂಥ ನೋಟ್‌ಬುಕ್ಕಿನಿಂದ ಬಂದ ಭಾಷೆಗೆ ಎರಡು ವರ್ಷವೇ ಹೆಚ್ಚು ಎಂದು ನನಗನ್ನಿಸಿದ್ದರೂ ಅವಳೆದುರು ಆಡಲಿಲ್ಲ.

ಅಭ್ಯಾಸ ಮುಗಿಯುವ ಹೊತ್ತಿಗೆ ನನಗೆ ಬರೆದಿಟ್ಟುಕೊಂಡ ಪ್ರಶ್ನೆಗಳೆಲ್ಲ ಖಾಲಿಯಾಗಿದ್ದವು. ಏನಾದರೂ ಕೇಳಬೇಕಲ್ಲ ಎಂದು, “ಹೋದಮೇಲೆ ಇಲ್ಲಿಯದರಲ್ಲಿ ಯಾವುದು ನಿನಗೆ ತುಂಬಾ ನೆನಪಾಗಬಹುದು?” ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಈ ಪ್ರಶ್ನೆ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ. ಅವಳು ಬಾಯಿ ತೆರೆದು, ಮುಚ್ಚಿ, ಕಿಟಕಿಯತ್ತ ತಿರುಗಿ ಸುಮ್ಮನೆ ಕುಳಿತಳು. ಎಂಟು ಸೆಕೆಂಡು ಕಳೆದ ಮೇಲೆ, “ಅಮ್ಮ... ಶಿ ಕಾಲ್ಸ್ ಮಿ ಟೂ ಟೈಮ್ಸ್ ಟು ವೇಕ್ ಅಪ್. ಸೆಕೆಂಡ್ ಟೈಮ್ ಶಿ ಈಸ್ ಆಂಗ್ರಿ. ಐ ವೇಕ್ ಓನ್ಲಿ ಫಾರ್ ಸೆಕೆಂಡ್ ಟೈಮ್. ದೇರ್, ಓನ್ಲಿ ಅಲಾರಂ” ಎಂದಳು. ವ್ಯಾಕರಣ ಅಲ್ಲಲ್ಲಿ ಕುಂಟಿತ್ತು, ಆದರೆ ಆ ಸಂಜೆ ಅವಳು ನನ್ನೊಡನೆ ಮಾತನಾಡಿದ್ದು ಅದೇ ಮೊದಲು.

ಒಂಬತ್ತನೆಯ ಬ್ಯಾಂಡಿನವರೂ ತಡೆಯುತ್ತಾರೆ, ಪದ ಸಿಗದೆ ಅಲ್ಲ, ಏನು ಹೇಳಬೇಕೆಂದು ಯೋಚಿಸಲು ತಡೆಯುತ್ತಾರೆ ಎಂದು ಆ ಕೈಪಿಡಿಯಲ್ಲೇ ಇದೆ. ಇದನ್ನು ಅವಳಿಗೆ ತೋರಿಸೋಣವೆಂದು ನಾನು ಹಾಳೆ ತಿರುವುತ್ತಿದ್ದೆ. ಅಷ್ಟರಲ್ಲಿ ಅವಳು ಪೆನ್ಸಿಲು ಕೈಗೆತ್ತಿಕೊಂಡು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಏನೋ ಗುರುತು ಹಾಕಿಕೊಂಡಳು.

“ಎಂಟು ಸೆಕೆಂಡು ಸುಮ್ಮನಿದ್ದುಬಿಟ್ಟೆ ಚಿಕ್ಕಪ್ಪ, ಸಾರಿ. ಇನ್ನೊಂದು ಸಲ ಕೇಳಿ. ಈ ಸಲ ‘ಇಂಟರೆಸ್ಟಿಂಗ್ ಕ್ವೆಶ್ಚನ್’ ಹಾಕಿ ಮುಚ್ಚಿಬಿಡ್ತೀನಿ. ಮತ್ತೆ ಅಮ್ಮ ಬೇಡ, ತಾತ ಅಂತ ಮಾಡ್ಕೋತೀನಿ.”